ಒಬ್ಬನ ಖಾತೆಯೋ, ಸಂಘದ ಪಿಂಚಣಿಯೋ?

ಜರ್ಮನಿಗೆ ಬಂದ ನಮ್ಮ ಹುಡುಗರ ಕೈಗೆ ಮೊದಲ ಸಂಬಳದ ಚೀಟಿ ಸಿಕ್ಕಿದ ಕೂಡಲೇ ಬರುವ ಪ್ರಶ್ನೆ ಒಂದೇ: "ಇಷ್ಟೆಲ್ಲ ಎಂತಕ್ಕೆ ಕಟ್?" ತೆರಿಗೆ, ಆರೋಗ್ಯ ವಿಮೆ, ನಿರುದ್ಯೋಗ ವಿಮೆ, ಅದರ ಮೇಲೆ ಪಿಂಚಣಿ ವಿಮೆ. 67ನೇ ವಯಸ್ಸಿಗೆ ಸಿಗುವ ಹಣಕ್ಕೆ 27ರಲ್ಲೇ ಕಡಿತ. ಊರಿನಲ್ಲಿ ಸಾಲ ಉಂಟು, ತಂಗಿಯ ಮದುವೆ ಉಂಟು, ಮನೆ ಅರ್ಧಕ್ಕೆ ನಿಂತಿದೆ. ಮುದುಕನಾದ ಮೇಲಿನ ಮಾತು ಯಾರಿಗೆ ಬೇಕು?

ಅದೇ ಹೊತ್ತಿಗೆ ಇನ್ನೊಬ್ಬ ಬರುತ್ತಾನೆ. ಇಂಗ್ಲಿಷ್ ಚೆನ್ನಾಗಿ ಬಲ್ಲ ಹಣಕಾಸು ಸಲಹೆಗಾರ. ವಾಟ್ಸ್ಆ್ಯಪ್ ಗುಂಪಿನಲ್ಲೋ, ಯಾರದೋ ಪರಿಚಯದಲ್ಲೋ ಸಿಗುತ್ತಾನೆ. "ಸರ್ಕಾರದ ಪಿಂಚಣಿಯನ್ನು ನಂಬಬೇಡಿ, ಅದು ಮುಳುಗುವ ಹಡಗು. ನಿಮ್ಮದೇ ಹೆಸರಿನಲ್ಲಿ ಖಾತೆ ಮಾಡಿ, ತಿಂಗಳಿಗೆ ಇನ್ನೂರು ಯೂರೋ ಹಾಕಿ, ತೆರಿಗೆಯೂ ಉಳಿಯುತ್ತದೆ" ಅಂತಾನೆ. ಸಂಬಳದ ಕಡಿತ ನೋಡಿ ಬೇಸರಗೊಂಡವನಿಗೆ ಈ ಮಾತು ಹಿತವಾಗಿ ಕೇಳಿಸುತ್ತದೆ. ಸಹಿ ಬೀಳುತ್ತದೆ.

ಡ್ರೆಸ್ಡೆನ್‌ನಲ್ಲಿ ದುಡಿಯುವ ನಾವು ಈ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಬೇಕೆಂದಿದ್ದೇವೆ. ವೈಯಕ್ತಿಕ ಪಿಂಚಣಿ ಖಾತೆ ಕೆಟ್ಟದ್ದಲ್ಲ. ಆದರೆ ಎಲ್ಲಿ ಎಷ್ಟು ವರ್ಷ ಇರುತ್ತೇವೆಂದು ಗೊತ್ತಿಲ್ಲದ ಪ್ರವಾಸಿ ಕಾರ್ಮಿಕನಿಗೆ ಅದು ಮೊದಲ ಆಯ್ಕೆ ಆಗಬಾರದು. ಮೊದಲು ಎಲ್ಲರೂ ಸೇರಿ ಕಟ್ಟಿದ ಪಿಂಚಣಿ, ಅಂದರೆ ಸರ್ಕಾರಿ ವಿಮೆ ಮತ್ತು ಕಾರ್ಮಿಕ ಸಂಘ ಮಾತುಕತೆ ನಡೆಸಿ ಪಡೆದ ಪಿಂಚಣಿ. ಅದು ಗಟ್ಟಿಯಾದ ಮೇಲೆ ಉಳಿದದ್ದು.

ಮೊದಲ ಮಹಡಿ: 60 ತಿಂಗಳ ಲೆಕ್ಕ

ಈ ದೇಶದಲ್ಲಿ ಪಿಂಚಣಿ ಮೂರು ಮಹಡಿಯ ಮನೆ ಇದ್ದಂತೆ. ಕೆಳಗಿನದು ಸರ್ಕಾರಿ ಪಿಂಚಣಿ ವಿಮೆ. ಇದರ ಕಾನೂನು ಬಿಸ್ಮಾರ್ಕ್ ಕಾಲದ್ದು. 1889ರಲ್ಲಿ ಪಾಸಾಗಿ 1891ರಲ್ಲಿ ಜಾರಿಗೆ ಬಂತು. ಈಗ ಸಂಬಳದ ಶೇ. 18.6 ಇದಕ್ಕೆ ಹೋಗುತ್ತದೆ. ಅರ್ಧ, ಅಂದರೆ ಶೇ. 9.3, ನಮ್ಮದು, ಇನ್ನರ್ಧ ಮಾಲಕನದು. ಎರಡನೇ ಮಹಡಿ ಕಂಪನಿಯ ಅಥವಾ ಉದ್ಯಮದ ಪಿಂಚಣಿ, ಸಂಘಗಳ ಕೆಲಸ ಹೆಚ್ಚಾಗಿ ಇರುವುದು ಇಲ್ಲಿ. ಮೂರನೇ ಮಹಡಿ ನಮ್ಮ ಸ್ವಂತ ಖಾತೆ.

ಕೆಳಗಿನ ಮಹಡಿಗೆ ಹತ್ತಲು ಒಂದೇ ಮೆಟ್ಟಿಲು: 60 ತಿಂಗಳು. ಐದು ವರ್ಷ ವಂತಿಗೆ ಕಟ್ಟಿದವನಿಗೆ ವಯಸ್ಸಾದಾಗ ಪಿಂಚಣಿಯ ಹಕ್ಕು ಸಿಗುತ್ತದೆ, ಅವನು ಆಗ ಡ್ರೆಸ್ಡೆನ್‌ನಲ್ಲಿರಲಿ, ಬಂಟ್ವಾಳದಲ್ಲಿರಲಿ. 1964ರಲ್ಲಿ ಮತ್ತು ಆಮೇಲೆ ಹುಟ್ಟಿದವರಿಗೆ ಆ ವಯಸ್ಸು 67.

ಲೆಕ್ಕ ಹೀಗೆ. ದೇಶದ ಸರಾಸರಿ ಸಂಬಳದಲ್ಲಿ ಒಂದು ವರ್ಷ ದುಡಿದರೆ ಒಂದು ಅಂಕ. 2025ರ ಜುಲೈಯಲ್ಲಿ ಒಂದು ಅಂಕದ ಬೆಲೆ ತಿಂಗಳಿಗೆ 40.79 ಯೂರೋ ಇತ್ತು. ಐದು ವರ್ಷ ಸರಾಸರಿ ಸಂಬಳದಲ್ಲಿ ದುಡಿದವನಿಗೆ ಆ ದರದಲ್ಲಿ ತಿಂಗಳಿಗೆ ಸುಮಾರು 204 ಯೂರೋ, ಜೀವ ಇರುವವರೆಗೆ. ಸಂಬಳ ಕಡಿಮೆ ಇದ್ದವನಿಗೆ ಅದಕ್ಕೆ ತಕ್ಕಂತೆ ಕಡಿಮೆ. ಹಿಂದೆ ಪೂರ್ವ ಜರ್ಮನಿಯ ಅಂಕಕ್ಕೆ ಪಶ್ಚಿಮದ ಅಂಕಕ್ಕಿಂತ ಬೆಲೆ ಕಡಿಮೆ ಇತ್ತು. 2023ರ ಜುಲೈಯಲ್ಲಿ ಅದು ಸಮ ಆಯಿತು. ಡ್ರೆಸ್ಡೆನ್‌ನಲ್ಲಿ ದುಡಿಯುವವರಿಗೆ ಇದು ಸಣ್ಣ ವಿಷಯ ಅಲ್ಲ.

60 ತಿಂಗಳಾಗುವ ಮೊದಲೇ ಊರಿಗೆ ಹೊರಟರೆ? ಯುರೋಪ್ ಒಕ್ಕೂಟ ಬಿಟ್ಟು, ಕೊನೆಯ ವಂತಿಗೆ ಕಟ್ಟಿ 24 ತಿಂಗಳು ಕಳೆದ ಮೇಲೆ ಹಣ ವಾಪಸ್ ಕೇಳಬಹುದು. ಆದರೆ ಸಿಗುವುದು ನಮ್ಮ ಅರ್ಧ ಮಾತ್ರ. ಮಾಲಕ ಕಟ್ಟಿದ ಅರ್ಧ ಅಲ್ಲೇ ಉಳಿಯುತ್ತದೆ. ಒಮ್ಮೆ ವಾಪಸ್ ತೆಗೆದುಕೊಂಡರೆ ಆ ತಿಂಗಳುಗಳ ಲೆಕ್ಕ ಪೂರ್ತಿ ಅಳಿಸಿ ಹೋಗುತ್ತದೆ.

ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲದ ಇನ್ನೊಂದು ವಿಷಯ ಉಂಟು. ಭಾರತ ಮತ್ತು ಜರ್ಮನಿ ನಡುವೆ ಸಾಮಾಜಿಕ ಭದ್ರತಾ ಒಪ್ಪಂದಕ್ಕೆ 2011ರಲ್ಲಿ ಸಹಿ ಬಿತ್ತು, 2017ರ ಮೇ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಊರಿನಲ್ಲಿ ಇ.ಪಿ.ಎಫ್. ಪಿಂಚಣಿ ಯೋಜನೆಯಲ್ಲಿ ಕಳೆದ ಅವಧಿಯನ್ನೂ ಇಲ್ಲಿಯ ಅವಧಿಯನ್ನೂ ಕೂಡಿಸಿ ಅರ್ಹತೆ ಲೆಕ್ಕ ಹಾಕಬಹುದು. ಅಂದರೆ ಬೆಂಗಳೂರಿನ ಕಂಪನಿಯಲ್ಲಿ ಎರಡು ವರ್ಷ ಪಿ.ಎಫ್. ಕಟ್ಟಿ, ಇಲ್ಲಿ ನಾಲ್ಕು ವರ್ಷ ದುಡಿದವನು ಐದು ವರ್ಷದ ಮೆಟ್ಟಿಲು ದಾಟಿದ ಹಾಗೆ. ಅವನಿಗೆ ಜರ್ಮನಿ ತನ್ನ ನಾಲ್ಕು ವರ್ಷದ ಪಾಲನ್ನು ಕೊಡಬೇಕು.

ನಾಲ್ಕು ವರ್ಷ ಸರಾಸರಿ ಸಂಬಳದಲ್ಲಿ ದುಡಿದವನ ವಂತಿಗೆಯ ಅರ್ಧ ಸುಮಾರು 18,800 ಯೂರೋ ಆಗುತ್ತದೆ. ಅದನ್ನು ಬಿಟ್ಟುಕೊಟ್ಟು ಪಿಂಚಣಿಗೆ ಕಾದರೆ 2025ರ ಜುಲೈಯ ದರದಲ್ಲಿ ತಿಂಗಳಿಗೆ ಸುಮಾರು 163 ಯೂರೋ. ಹತ್ತು ವರ್ಷದ ಒಳಗೆ ಹಾಕಿದ್ದು ವಾಪಸ್, ಆಮೇಲೆ ಬದುಕಿದಷ್ಟು ಕಾಲ ಲಾಭ. ಈ ಅಂಕದ ಬೆಲೆ ಇಲ್ಲಿನ ಸಂಬಳದ ಜೊತೆ ಏರುತ್ತಾ ಬಂದಿದೆ ಅನ್ನುವುದನ್ನೂ ಮರೆಯಬಾರದು. ಹಾಗಂತ ವಾಪಸ್ ತೆಗೆಯುವುದು ಯಾವಾಗಲೂ ತಪ್ಪು ಎಂದು ನಾವು ಹೇಳುವುದಿಲ್ಲ. ಊರಿನಲ್ಲಿ ಬ್ಯಾಂಕ್ ಸಾಲ ಕುತ್ತಿಗೆಗೆ ಬಂದಿದ್ದರೆ 18,800 ಯೂರೋ ಇವತ್ತೇ ಬೇಕು. ಆದರೆ ಲೆಕ್ಕ ನೋಡಿ ತೆಗೆಯಬೇಕು, ಏಜೆಂಟನ ಮಾತು ಕೇಳಿ ಅಲ್ಲ.

ಇಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಓದುವ ನಮ್ಮ ಮಕ್ಕಳಿಗೆ ಒಂದು ಮಾತು. ವರ್ಕ್‌ಸ್ಟುಡೆಂಟ್ ಆಗಿ ದುಡಿದ ತಿಂಗಳಿಗೂ ಪಿಂಚಣಿ ವಂತಿಗೆ ಕಟ್ಟುತ್ತೀರಿ, ಆ ತಿಂಗಳುಗಳೂ 60ರ ಲೆಕ್ಕಕ್ಕೆ ಸೇರುತ್ತವೆ. ಹೋಟೆಲಿನಲ್ಲೋ ಗೋದಾಮಿನಲ್ಲೋ ಮಿನಿಜಾಬ್ ಮಾಡುವಾಗ ಮೊದಲ ದಿನವೇ ಪಿಂಚಣಿ ವಿಮೆ ಬೇಡ ಎಂದು ಬರೆದ ಒಂದು ಕಾಗದ ಸಹಿಗೆ ಬರುತ್ತದೆ. ಓದದೆ ಸಹಿ ಹಾಕುವವರೇ ಹೆಚ್ಚು. ಮಿನಿಜಾಬ್‌ನಲ್ಲಿ ಮಾಲಕ ಶೇ. 15 ಕಟ್ಟುತ್ತಾನೆ, ನಮ್ಮ ಪಾಲು ಶೇ. 3.6 ಮಾತ್ರ. 500 ಯೂರೋ ಸಂಬಳಕ್ಕೆ 18 ಯೂರೋ. ಅದನ್ನು ಉಳಿಸಲು ಹೋಗಿ ಪೂರ್ತಿ ಲೆಕ್ಕಕ್ಕೆ ಬರುವ ಒಂದು ತಿಂಗಳನ್ನೇ ಕಳೆದುಕೊಳ್ಳುವುದು ಬುದ್ಧಿವಂತಿಕೆಯಾ?

ಸ್ವಂತ ಖಾತೆ ಎಲ್ಲಿ ಕೈಕೊಡುತ್ತದೆ

ಈಗ ಮೇಲಿನ ಮಹಡಿಯ ಮಾತು. ಸ್ವಂತ ಖಾತೆಯ ಪರವಾಗಿ ಹೇಳುವವರ ವಾದದಲ್ಲಿ ಸತ್ಯ ಇಲ್ಲ ಎಂದಲ್ಲ. ಜರ್ಮನಿಯಲ್ಲಿ ವಯಸ್ಸಾದವರು ಹೆಚ್ಚುತ್ತಿದ್ದಾರೆ, ದುಡಿಯುವವರು ಕಡಿಮೆಯಾಗುತ್ತಿದ್ದಾರೆ. ಇವತ್ತಿನ ದುಡಿಮೆಗಾರನ ವಂತಿಗೆಯಿಂದ ಇವತ್ತಿನ ಮುದುಕರಿಗೆ ಪಿಂಚಣಿ ಕೊಡುವ ವ್ಯವಸ್ಥೆಗೆ ಅದರಿಂದ ಭಾರ ಆಗುತ್ತದೆ. ಅದಕ್ಕೇ 2002ರಲ್ಲಿ ಸರ್ಕಾರ ರೀಸ್ಟರ್ ಪಿಂಚಣಿ ಎಂಬ ಖಾತೆ ತಂದಿತು. ತಮಾಷೆ ಎಂತ ಅಂದ್ರೆ, ಆ ಹೆಸರಿನ ಕಾರ್ಮಿಕ ಸಚಿವ ವಾಲ್ಟರ್ ರೀಸ್ಟರ್ ನೆಲಕ್ಕೆ ಟೈಲ್ಸ್ ಹಾಕುವ ಕೆಲಸದಿಂದ ಮೇಲೆ ಬಂದು, ಐ.ಜಿ. ಮೆಟಾಲ್ ಕಾರ್ಮಿಕ ಸಂಘದ ಉಪಾಧ್ಯಕ್ಷ ಆಗಿದ್ದವರು. ಸಂಘದ ಮನುಷ್ಯನೇ ಒಬ್ಬೊಬ್ಬನ ಖಾತೆಗೆ ಬಾಗಿಲು ತೆರೆದರು.

ಈ ಖಾತೆಗೆ ಸರ್ಕಾರ ವರ್ಷಕ್ಕೆ 175 ಯೂರೋ ಸೇರಿಸುತ್ತದೆ. 2008ರಲ್ಲಿ ಮತ್ತು ಆಮೇಲೆ ಹುಟ್ಟಿದ ಮಗುವಿಗೆ ತಲಾ 300 ಯೂರೋ ಬೇರೆ. ಇಲ್ಲೇ ನೆಲೆಸಿ ಮೂರು ಮಕ್ಕಳನ್ನು ಸಾಕುವ ಕಡಿಮೆ ಸಂಬಳದ ಕುಟುಂಬಕ್ಕೆ ಅದು ನಿಜಕ್ಕೂ ಲಾಭ. ಆದರೂ ಕಮಿಷನ್ನು, ನಿರ್ವಹಣಾ ಖರ್ಚು, ಅರ್ಥವಾಗದ ಕಾಗದಗಳಿಂದ ಜನ ಬೇಸತ್ತರು. ಕೋಟಿಗೂ ಮೀರಿ ಒಪ್ಪಂದಗಳಾದವು, ಅದರಲ್ಲಿ ಬಹಳಷ್ಟು ಖಾತೆಗಳಿಗೆ ಈಗ ಯಾರೂ ಹಣ ಹಾಕುತ್ತಿಲ್ಲ. 2025ರ ಡಿಸೆಂಬರ್‌ನಲ್ಲಿ ಸಚಿವ ಸಂಪುಟವೇ ರೀಸ್ಟರ್ ಬದಲಿಗೆ ಬೇರೆ ಬಗೆಯ ಖಾತೆ ತರುವ ಮಸೂದೆಗೆ ಒಪ್ಪಿಗೆ ಕೊಟ್ಟಿತು.

ನಮ್ಮಂಥವರಿಗೆ ಮುಖ್ಯವಾದದ್ದು ಬೇರೆಯೇ. ರೀಸ್ಟರ್ ಖಾತೆ ಮಾಡಿದವನು ಯುರೋಪ್ ಒಕ್ಕೂಟದ ಹೊರಗೆ ಹೋಗಿ ನೆಲೆಸಿದರೆ ಸರ್ಕಾರ ತಾನು ಕೊಟ್ಟ ಸಬ್ಸಿಡಿಯನ್ನೂ ತೆರಿಗೆ ರಿಯಾಯಿತಿಯನ್ನೂ ವಾಪಸ್ ಕೇಳುತ್ತದೆ. 2005ರಿಂದ ಇರುವ ರುರುಪ್ ಪಿಂಚಣಿ ಇನ್ನೂ ಬಿಗಿ. ತೆರಿಗೆ ಉಳಿಯುತ್ತದೆ ನಿಜ, ಆದರೆ ಮಧ್ಯದಲ್ಲಿ ಮುರಿಯಲು ಸಾಧ್ಯವೇ ಇಲ್ಲ, ಮಾರಲು ಆಗುವುದಿಲ್ಲ, ಒಟ್ಟಿಗೆ ಹಣ ತೆಗೆಯಲು ಆಗುವುದಿಲ್ಲ. ಮೂರು ವರ್ಷದ ವೀಸಾದಲ್ಲಿ ಬಂದವನ ಹಣ ಮುವ್ವತ್ತು ವರ್ಷ ಬೀಗದ ಒಳಗೆ.

ಖಾಸಗಿ ವಿಮಾ ಪಿಂಚಣಿಗಳಲ್ಲಿ ಮಾರಾಟದ ಖರ್ಚನ್ನು ಮೊದಲ ಐದು ವರ್ಷದ ಕಂತುಗಳಿಂದಲೇ ಮುರಿದುಕೊಳ್ಳುವುದು ಸಾಮಾನ್ಯ. ಎರಡು ಮೂರು ವರ್ಷಕ್ಕೆ ಒಪ್ಪಂದ ಬಿಟ್ಟರೆ ಹಾಕಿದ್ದಕ್ಕಿಂತ ಕಡಿಮೆ ಕೈಗೆ ಬರುತ್ತದೆ. ಏಜೆಂಟನ ಕಮಿಷನ್ ಮಾತ್ರ ಮೊದಲೇ ಸಂದಿರುತ್ತದೆ. ಇದು ಯಾವುದೋ ಒಂದು ಕಂಪನಿಯ ಮೋಸ ಎಂದು ನಾವು ಹೇಳುವುದಿಲ್ಲ, ಆ ಸರಕಿನ ಸ್ವಭಾವವೇ ಹಾಗೆ. ಒಂದೇ ಊರಿನಲ್ಲಿ ನಲ್ವತ್ತು ವರ್ಷ ದುಡಿಯುವವನಿಗೆ ಅಂತ ಹೊಲಿದ ಅಂಗಿ ಅದು. ಇವತ್ತು ಡ್ರೆಸ್ಡೆನ್, ನಾಳೆ ದುಬೈ, ನಾಡಿದ್ದು ದೇರಳಕಟ್ಟೆ ಅನ್ನುವವನಿಗೆ ಅದು ಸರಿಹೋಗುವುದಿಲ್ಲ.

ಇನ್ನೊಂದು ವ್ಯತ್ಯಾಸ ದೊಡ್ಡದು. ಖಾತೆಯಲ್ಲಿ ಎಷ್ಟು ಉಂಟೋ ಅಷ್ಟೇ. ಮೂರನೇ ವರ್ಷ ಕೆಲಸದ ಜಾಗದಲ್ಲಿ ಅವಘಡವಾಗಿ ಕೈಕಾಲು ಹೋದರೆ, ಜೀವವೇ ಹೋದರೆ, ಖಾತೆಯಲ್ಲಿ ಮೂರು ವರ್ಷದ ಉಳಿತಾಯ ಮಾತ್ರ. ಸರ್ಕಾರಿ ಪಿಂಚಣಿ ವಿಮೆಯಲ್ಲಿ ಅಂಗವಿಕಲರಾದವರಿಗೆ ಪಿಂಚಣಿ ಉಂಟು, ವಿಧವೆಗೆ, ಅನಾಥ ಮಕ್ಕಳಿಗೆ ಉಂಟು. ಕೆಲಸದ ಅವಘಡ ಆದವನಿಗೆ 60 ತಿಂಗಳ ನಿಯಮದಲ್ಲೂ ವಿನಾಯಿತಿ ಉಂಟು. ಮನೆಗೆ ಒಬ್ಬನೇ ದುಡಿಯುವ ನಮ್ಮ ಕುಟುಂಬಗಳಿಗೆ ಇದರ ಬೆಲೆ ಬೇರೆ ಹೇಳಬೇಕಾಗಿಲ್ಲ. ಊರಿಗೆ ಹೆಣವಾಗಿ ಹೋದ ಪ್ರವಾಸಿಯ ಮನೆಗೆ ಚಂದಾ ಎತ್ತಿ ಕೊಟ್ಟ ಅನುಭವ ನಮ್ಮ ಎಲ್ಲ ಜಮಾಅತ್‌ಗಳಿಗೂ ಇದೆ.

ಸಂಘ ತಂದ ಪಿಂಚಣಿ ಎಂದರೆ ಎಂತದು?

ಜರ್ಮನಿಯಲ್ಲಿ ಸಂಘ ಮತ್ತು ಮಾಲಕರ ಒಕ್ಕೂಟ ಸೇರಿ ಇಡೀ ಉದ್ಯಮಕ್ಕೆ ಒಂದು ಒಪ್ಪಂದ ಮಾಡುತ್ತವೆ. ಇಲ್ಲಿ ಅದಕ್ಕೆ ಟಾರಿಫ್ ಅಂತಾರೆ. ಸಂಬಳ, ರಜೆ, ಕೆಲಸದ ಹೊತ್ತು ಎಲ್ಲ ಅದರಲ್ಲಿ ಬರುತ್ತದೆ. ಪಿಂಚಣಿಯೂ ಬರುತ್ತದೆ.

ಕಟ್ಟಡ ಕೆಲಸವನ್ನೇ ನೋಡಿ. ಈ ಕೆಲಸದಲ್ಲಿ ಯಾರೂ ಒಂದೇ ಕಂಪನಿಯಲ್ಲಿ ಉಳಿಯುವುದಿಲ್ಲ. ಅದಕ್ಕಾಗಿ 1957ರಲ್ಲೇ ಸಂಘವೂ ಮಾಲಕರೂ ಸೇರಿ ಇಡೀ ಉದ್ಯಮಕ್ಕೆ ಒಂದೇ ಪಿಂಚಣಿ ನಿಧಿ ಮಾಡಿದರು. ಈಗ ಅದು ಸೋಕಾ-ಬೌ ಎಂಬ ಹೆಸರಿನಲ್ಲಿ ವೀಸ್‌ಬಾಡೆನ್‌ನಲ್ಲಿದೆ. ವಂತಿಗೆ ಮಾಲಕ ಕಟ್ಟಬೇಕು. ಕಾರ್ಮಿಕ ಕಂಪನಿ ಬದಲಾಯಿಸಿದರೂ ನಿಧಿ ಅದೇ. ಪೂರ್ವದ ರಾಜ್ಯಗಳ ಕಾರ್ಮಿಕರಿಗೆ ಇದು ಬಹಳ ತಡವಾಗಿ, 2016ರಲ್ಲಿ ಬಂತು. ಲೋಹ ಮತ್ತು ಎಲೆಕ್ಟ್ರಿಕಲ್ ಉದ್ಯಮದಲ್ಲಿ ಐ.ಜಿ. ಮೆಟಾಲ್ ಮತ್ತು ಮಾಲಕರ ಒಕ್ಕೂಟ 2001ರಲ್ಲಿ ಮೆಟಾಲ್‌ರೆಂಟೆ ಎಂಬ ಸಂಸ್ಥೆ ಕಟ್ಟಿದವು. ಅಲ್ಲಿನ ಒಪ್ಪಂದದ ಪ್ರಕಾರ ಮಾಲಕ ವರ್ಷಕ್ಕೆ 319 ಯೂರೋ ಮುಪ್ಪಿನ ಉಳಿತಾಯಕ್ಕೆ ಕೊಡುತ್ತಾನೆ. ತಾಂತ್ರಿಕ ವಿಶ್ವವಿದ್ಯಾಲಯದಂಥ ಸರ್ಕಾರಿ ಕೆಲಸದಲ್ಲಿ ಇರುವವರಿಗೆ ವಿ.ಬಿ.ಎಲ್. ಎಂಬ ಹೆಚ್ಚುವರಿ ಪಿಂಚಣಿ ಉಂಟು.

ಇವೂ ಒಂದು ಬಗೆಯ ಖಾತೆಗಳೇ ಅಲ್ವಾ ಎಂದು ಯಾರಾದರೂ ಕೇಳಬಹುದು. ಹೌದು, ಕೆಲವು ಹಾಗೇ ಇವೆ. ವ್ಯತ್ಯಾಸ ಇರುವುದು ಮೇಜಿನ ಆಚೆ ಯಾರು ಕೂತಿದ್ದಾರೆ ಎಂಬುದರಲ್ಲಿ. ಒಬ್ಬನೇ ಹೋಗಿ ಪಾಲಿಸಿ ತೆಗೆದುಕೊಳ್ಳುವವನು ಅಂಗಡಿಯಲ್ಲಿ ಚಿಲ್ಲರೆ ಸಾಮಾನು ಕೊಂಡ ಹಾಗೆ, ಹೇಳಿದ ರೇಟ್ ಕೊಡಬೇಕು. ಲಕ್ಷಾಂತರ ಜನರ ಪರವಾಗಿ ಸಂಘ ಕೂತರೆ ಖರ್ಚು ಇಳಿಯುತ್ತದೆ, ಮಾಲಕನ ಜೇಬಿನಿಂದಲೂ ಹಣ ಬರುತ್ತದೆ. ಸಂಬಳದಿಂದ ಪಿಂಚಣಿಗೆ ಹಣ ತೆಗೆದಿಡುವ ಕಾರ್ಮಿಕನಿಗೆ ಮಾಲಕ ಸಾಮಾನ್ಯವಾಗಿ ಅದರ ಮೇಲೆ ಶೇ. 15 ಸೇರಿಸಬೇಕು ಎಂದು ಈಗ ಕಾನೂನೇ ಇದೆ. ನಾವು ಹಾಕಿದ ಹಣದ ಮೇಲಿನ ಹಕ್ಕು ಮೊದಲ ದಿನದಿಂದಲೇ ನಮ್ಮದು. ಮಾಲಕ ಪೂರ್ತಿ ತಾನೇ ಕಟ್ಟುವ ಕಂಪನಿ ಪಿಂಚಣಿ ಮೂರು ವರ್ಷ ದುಡಿದ ಮೇಲೆ ಕೈತಪ್ಪದು. ಮಾಲಕ ದಿವಾಳಿಯಾದರೆ ಕಂಪನಿ ಪಿಂಚಣಿಗಳನ್ನು ಕಾಯಲು 1970ರ ದಶಕದಿಂದಲೇ ಒಂದು ರಕ್ಷಣಾ ನಿಧಿ ಇದೆ.

ನಮ್ಮ ಉಮ್ಮಂದಿರ ಬೀಡಿ, ನಮ್ಮ ಗಲ್ಫ್

ಇದು ಯುರೋಪಿನವರ ಮಾತು, ನಮಗೆ ಸಂಬಂಧ ಇಲ್ಲ ಎನ್ನುವವರು ಊರಿನ ಚರಿತ್ರೆ ನೆನಪಿಸಿಕೊಳ್ಳಿ. ಉಳ್ಳಾಲ, ಬಂಟ್ವಾಳ, ಪುತ್ತೂರು, ಬೆಳ್ತಂಗಡಿ ಕಡೆ ನಮ್ಮ ಎಷ್ಟೋ ಮನೆಗಳು ಸೂಪಿನ ಮೇಲೆ ಬೀಡಿ ಸುತ್ತಿ ಬದುಕಿದವು. 1977ರಲ್ಲಿ ಬೀಡಿ ಉದ್ಯಮಕ್ಕೂ ಪಿ.ಎಫ್. ಅನ್ವಯ ಆಯಿತು. ಮಾಲಕರು ಕೋರ್ಟಿಗೆ ಹೋದರು. "ಮನೆಯಲ್ಲಿ ಕೂತು ಸುತ್ತುವ ಹೆಂಗಸರು ನಮ್ಮ ನೌಕರರೇ ಅಲ್ಲ" ಎನ್ನುವುದು ಅವರ ವಾದ. 1985ರಲ್ಲಿ ಪಿ.ಎಂ. ಪಟೇಲ್ ಆ್ಯಂಡ್ ಸನ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿತು. ಮನೆಯಲ್ಲಿ ಬೀಡಿ ಸುತ್ತುವವರಿಗೂ ಪಿ.ಎಫ್. ಹಕ್ಕು ಉಂಟು ಎಂದಿತು. ಜಿಲ್ಲೆಯ ಬೀಡಿ ಸಂಘಗಳು ಲಾಗ್ ಬುಕ್ಕಿಗಾಗಿ, ಪಿ.ಎಫ್. ನಂಬರಿಗಾಗಿ ಬೀದಿಗಿಳಿಯದೆ ಇದ್ದಿದ್ದರೆ ಆ ತೀರ್ಪು ಕಾಗದದಲ್ಲೇ ಉಳಿಯುತ್ತಿತ್ತು. ಒಬ್ಬೊಬ್ಬ ಉಮ್ಮ ಒಬ್ಬೊಬ್ಬಳೇ ಹೋಗಿ ಗುತ್ತಿಗೆದಾರನ ಹತ್ತಿರ ಕೇಳಿದ್ದರೆ ಎಂತ ಸಿಗುತ್ತಿತ್ತು ಎಂದು ನಮಗೆ ಗೊತ್ತು.

ಗಲ್ಫ್ ಕಥೆ ಇನ್ನೊಂದು ಬಗೆ. ಅಲ್ಲಿ ನಮ್ಮವರಿಗೆ ಪಿಂಚಣಿ ಅಂತ ಇಲ್ಲ, ಕೆಲಸ ಬಿಡುವಾಗ ಒಂದು ಮೊತ್ತ. ಯು.ಎ.ಇ.ಯಲ್ಲಿ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಮೂಲ ವೇತನ, ನಂತರದ ವರ್ಷಗಳಿಗೆ 30 ದಿನದ್ದು. ಮುವ್ವತ್ತು ವರ್ಷ ದುಡಿದು ಬಂದವರು ಆ ಹಣದಲ್ಲಿ ಮಗಳ ಮದುವೆ ಮಾಡಿ, ಮನೆಗೆ ಬಣ್ಣ ಬಳಿಸಿ, ಅರವತ್ತಕ್ಕೆ ಮಕ್ಕಳ ಕೈ ನೋಡುತ್ತಾ ಕೂತದ್ದನ್ನು ನಾವು ಎಷ್ಟು ಮನೆಯಲ್ಲಿ ನೋಡಿಲ್ಲ? ಭಾರತ ಸರ್ಕಾರ 2012ರಲ್ಲಿ ಗಲ್ಫ್ ಕಾರ್ಮಿಕರಿಗೆಂದು ಮಹಾತ್ಮ ಗಾಂಧಿ ಪ್ರವಾಸಿ ಸುರಕ್ಷಾ ಯೋಜನೆ ತಂದಿತು. ಅದೂ ಒಬ್ಬೊಬ್ಬನ ಪಿಂಚಣಿ ಖಾತೆಯೇ, ಸರ್ಕಾರವೂ ಸ್ವಲ್ಪ ಸೇರಿಸುತ್ತಿತ್ತು. ಸೇರಿದವರು ತೀರಾ ಕಡಿಮೆ, 2017ರಲ್ಲಿ ಯೋಜನೆ ನಿಂತಿತು. ತಾನಾಗಿ ಬಂದು ಖಾತೆ ತೆರೆಯಲಿ ಎಂದು ಕಾದರೆ ಬಡ ಕಾರ್ಮಿಕ ಬರುವುದಿಲ್ಲ. ಸಂಬಳದಲ್ಲೇ ಕಡಿತವಾಗಿ, ಮಾಲಕನ ಪಾಲೂ ಸೇರಿ, ಎಲ್ಲರಿಗೂ ಒಟ್ಟಿಗೆ ಆದಾಗ ಮಾತ್ರ ಪಿಂಚಣಿ ನಿಲ್ಲುತ್ತದೆ.

ಹಾಗಂತ ಎಲ್ಲರದ್ದು ಎಂದ ಕೂಡಲೇ ಎಲ್ಲವೂ ಸರಿ ಎಂದೂ ಅಲ್ಲ. ನಮ್ಮ ಇ.ಪಿ.ಎಸ್.ನಲ್ಲಿ 2014ರಲ್ಲಿ ನಿಗದಿಯಾದ ಕನಿಷ್ಠ ಪಿಂಚಣಿ ತಿಂಗಳಿಗೆ 1,000 ರೂಪಾಯಿ. ಅದರಲ್ಲಿ ಮದ್ದಿನ ಖರ್ಚೂ ಹುಟ್ಟುವುದಿಲ್ಲ.

ಡ್ರೆಸ್ಡೆನ್ ಕಲಿಸುವ ಪಾಠ

ಸಂಘದ ಪಿಂಚಣಿಯ ವಿರುದ್ಧ ಇರುವ ಅತಿ ಬಲವಾದ ಸಾಕ್ಷಿಯೂ ನಾವು ಇರುವ ಈ ಊರಿನಲ್ಲೇ ಇದೆ. ಅದನ್ನು ಮುಚ್ಚಿಟ್ಟು ವಾದ ಮಾಡುವುದು ಸರಿಯಲ್ಲ.

ಡ್ರೆಸ್ಡೆನ್ 1990ರವರೆಗೆ ಪೂರ್ವ ಜರ್ಮನಿಯಲ್ಲಿತ್ತು. ಅಲ್ಲಿ ಕಾರ್ಮಿಕರ ಸಾಮಾಜಿಕ ವಿಮೆಯನ್ನು ನಡೆಸುತ್ತಿದ್ದದ್ದೇ ಕಾರ್ಮಿಕ ಸಂಘಗಳ ಒಕ್ಕೂಟ. ಆದರೆ ಅದು ಪಕ್ಷದ ಮಾತು ಕೇಳುವ ಸಂಘ, ಕಾರ್ಮಿಕನ ಮಾತು ಕೇಳುವ ಸಂಘ ಆಗಿರಲಿಲ್ಲ. 1979ರಲ್ಲಿ ಆ ಸರ್ಕಾರ ಮೊಜಾಂಬಿಕ್ ಜೊತೆ ಒಪ್ಪಂದ ಮಾಡಿ ಸಾವಿರಾರು ಯುವಕರನ್ನು ಗುತ್ತಿಗೆ ಕಾರ್ಮಿಕರಾಗಿ ಕರೆತಂದಿತು. ಅವರ ಸಂಬಳದ ಒಂದು ಭಾಗವನ್ನು, ಒಂದು ಹಂತದಲ್ಲಿ ಶೇ. 60ರವರೆಗೂ, ಕಡಿತ ಮಾಡಲಾಯಿತು. "ಊರಿಗೆ ಹೋದ ಮೇಲೆ ನಿಮ್ಮ ಹೆಸರಿನಲ್ಲಿ ಸಿಗುತ್ತದೆ" ಎಂದರು. ಆ ಹಣ ಮೊಜಾಂಬಿಕ್ ಸರ್ಕಾರ ಪೂರ್ವ ಜರ್ಮನಿಗೆ ಕೊಡಬೇಕಾದ ಸಾಲದ ಲೆಕ್ಕಕ್ಕೆ ವಜಾ ಆಯಿತು. ಊರಿಗೆ ಮರಳಿದವರಿಗೆ ಪೂರ್ತಿ ಹಣ ಸಿಗಲೇ ಇಲ್ಲ. ಮಾಪುಟೊ ನಗರದಲ್ಲಿ ಅವರು ವರ್ಷಾನುಗಟ್ಟಲೆ ವಾರಕ್ಕೊಮ್ಮೆ ಮೆರವಣಿಗೆ ಮಾಡಿ ಕೇಳುತ್ತಾ ಬಂದರು.

ಹಾಗೆ ಬಂದವರಲ್ಲಿ ಒಬ್ಬರು ಜಾರ್ಜ್ ಗೊಮೊಂಡೈ. ಡ್ರೆಸ್ಡೆನ್‌ನ ಕಸಾಯಿಖಾನೆಯಲ್ಲಿ ದುಡಿದವರು. 1991ರ ಮಾರ್ಚ್ 31ರಂದು ಇಲ್ಲಿನ ಟ್ರಾಮ್‌ನಲ್ಲಿ ಬಲಪಂಥೀಯ ಗೂಂಡಾಗಳ ಗುಂಪು ಅವರ ಮೇಲೆ ಬಿತ್ತು. ಏಪ್ರಿಲ್ 6ರಂದು ತೀರಿಕೊಂಡರು. ವಯಸ್ಸು 28. ನೊಯ್‌ಷ್ಟಾಟ್‌ನಲ್ಲಿರುವ ಒಂದು ಚೌಕಕ್ಕೆ 2007ರಲ್ಲಿ ಅವರ ಹೆಸರಿಡಲಾಯಿತು.

ಈ ಚರಿತ್ರೆಯಿಂದ ನಾವು ಕಲಿಯುವುದು ಎರಡು. ಒಂದು, ಪ್ರವಾಸಿ ಕಾರ್ಮಿಕನ ಬದಲಿಗೆ ಎರಡು ಸರ್ಕಾರಗಳೇ ಮಾತಾಡಿಕೊಂಡರೆ, ಸಂಘ ಬಾಯಿ ಮುಚ್ಚಿ ಕೂತರೆ, "ನಿಮ್ಮ ಹೆಸರಿನ ಹಣ" ಅನ್ನುವುದು ಬರೀ ಮಾತು. ಎರಡು, ಅದಕ್ಕೆ ಮದ್ದು ಸಂಘ ಬಿಟ್ಟು ಓಡುವುದಲ್ಲ. ಮೊಜಾಂಬಿಕ್‌ನವರಿಗೆ ಸಂಘದಲ್ಲಿ ನಿಜವಾದ ಧ್ವನಿ ಇರಲಿಲ್ಲ, ಒಪ್ಪಂದದ ಪೂರ್ತಿ ವಿವರವೂ ಗೊತ್ತಿರಲಿಲ್ಲ. ನಮಗೆ ಇವತ್ತು ಎರಡೂ ಸಾಧ್ಯ ಇದೆ. ಈ ದೇಶದ ಸಂಸತ್ತಿಗೆ ನಾವು ಓಟು ಹಾಕುವ ಹಾಗಿಲ್ಲ, ಆದರೆ ಐದು ಜನಕ್ಕಿಂತ ಕಡಿಮೆ ಇಲ್ಲದ ಕೆಲಸದ ಜಾಗದಲ್ಲಿ ಕಾರ್ಮಿಕರ ಮಂಡಳಿಗೆ ಓಟು ಹಾಕಬಹುದು. ಯಾವ ದೇಶದ ಪಾಸ್‌ಪೋರ್ಟ್ ಎಂದು ಅಲ್ಲಿ ಕೇಳುವುದಿಲ್ಲ. ಆರು ತಿಂಗಳು ಕೆಲಸ ಮಾಡಿದವನು ಅಭ್ಯರ್ಥಿಯಾಗಿ ನಿಲ್ಲಲೂಬಹುದು. ನಾಲ್ಕು ವರ್ಷಕ್ಕೊಮ್ಮೆ ಚುನಾವಣೆ.

ಇಲ್ಲಿ ಒಂದು ಕಹಿ ಸತ್ಯ. ಸಾಕ್ಸನಿ ರಾಜ್ಯ ಇಡೀ ಜರ್ಮನಿಯಲ್ಲೇ ಸಂಘದ ಒಪ್ಪಂದ ಅತಿ ಕಡಿಮೆ ಇರುವ ರಾಜ್ಯಗಳಲ್ಲಿ ಒಂದು. ಇನ್ಫಿನಿಯನ್, ಬಾಷ್, ಗ್ಲೋಬಲ್‌ಫೌಂಡ್ರೀಸ್‌ನಂಥ ಚಿಪ್ ಕಾರ್ಖಾನೆಗಳು ಇಲ್ಲಿವೆ. 2024ರ ಆಗಸ್ಟ್‌ನಲ್ಲಿ ತೈವಾನಿನ ಟಿ.ಎಸ್.ಎಂ.ಸಿ. ಪಾಲುದಾರಿಕೆಯ ಕಾರ್ಖಾನೆಗೂ ಅಡಿಗಲ್ಲು ಬಿತ್ತು. ಆ ಕೆಲಸಗಳಿಗೆ ಭಾರತದಿಂದಲೂ ಜನ ಬರುತ್ತಾರೆ. ಅವರ ಸುತ್ತ ಕ್ಯಾಂಟೀನು, ಕ್ಲೀನಿಂಗು, ಡೆಲಿವರಿ, ಆಸ್ಪತ್ರೆ ಕೆಲಸ. ಇದರಲ್ಲಿ ಎಷ್ಟೋ ಕಡೆ ಸಂಘವೇ ಇಲ್ಲ. ಸಂಘ ಇಲ್ಲದಲ್ಲಿ ಸಂಘದ ಪಿಂಚಣಿ ಎಲ್ಲಿಂದ ಬರಬೇಕು ಎಂದು ಕೇಳಿದರೆ ಉತ್ತರ ಒಂದೇ: ಸೇರಿದರೆ ಮಾತ್ರ ಬರುತ್ತದೆ. ಐ.ಜಿ. ಮೆಟಾಲ್ ಅಥವಾ ವೆರ್ಡಿ ಸಂಘದ ಸದಸ್ಯ ಶುಲ್ಕ ಸಂಬಳದ ಶೇ. 1. ಅದು ದುಬಾರಿ ಎನ್ನುವ ನಮ್ಮವರೇ ಅರ್ಥವಾಗದ ಪಾಲಿಸಿಗೆ ತಿಂಗಳಿಗೆ ಇನ್ನೂರು ಯೂರೋ ಕಟ್ಟುತ್ತಾರೆ.

ಬಡ್ಡಿಯ ಪ್ರಶ್ನೆ

ನಮ್ಮವರಲ್ಲಿ ಅನೇಕರು ಈ ಪ್ರಶ್ನೆ ಎತ್ತುತ್ತಾರೆ, ಎತ್ತಬೇಕಾದದ್ದೇ. ಫತ್ವಾ ಕೊಡುವ ಕೆಲಸ ನಮ್ಮದಲ್ಲ, ಅದು ಉಲಮಾಗಳದ್ದು. ಆದರೆ ಅವರ ಮುಂದೆ ಇಡಬೇಕಾದ ವಿವರ ಹೇಳುತ್ತೇವೆ. ಸರ್ಕಾರಿ ಪಿಂಚಣಿ ವಿಮೆ ಕಡ್ಡಾಯ, ಅದರಲ್ಲಿ ನಮ್ಮ ಹೆಸರಿನಲ್ಲಿ ಬಡ್ಡಿಗೆ ಇಟ್ಟ ಮೊತ್ತ ಇರುವುದಿಲ್ಲ, ಇವತ್ತಿನವರ ವಂತಿಗೆ ಇವತ್ತಿನ ವೃದ್ಧರಿಗೆ ಹೋಗುತ್ತದೆ. ಖಾಸಗಿ ಖಾತೆಗಳ ಹಣ ಸಾಮಾನ್ಯವಾಗಿ ಸಾಲಪತ್ರ, ಶೇರುಗಳಿಗೆ ಹೋಗುತ್ತದೆ. ಸಂಘದ ನಿಧಿಗಳಲ್ಲೂ ಹೂಡಿಕೆ ಇರುತ್ತದೆ. ಯಾವುದರಲ್ಲಿ ಎಂತದು ಎಂದು ಕಾಗದ ಕೇಳಿ ತರಿಸಿ, ಉಸ್ತಾದರಿಗೆ ತೋರಿಸಿ, ಆಮೇಲೆ ತೀರ್ಮಾನ ಮಾಡಿ.

ನಾವು ಹೇಳುವುದು ಇಷ್ಟು

ಬಂದ ಮೊದಲ ವರ್ಷ ಯಾವ ಖಾಸಗಿ ಪಿಂಚಣಿ ಒಪ್ಪಂದಕ್ಕೂ ಸಹಿ ಹಾಕಬೇಡಿ. ಸಾಮಾಜಿಕ ವಿಮೆಯ ನಂಬರು, ಮಾಲಕ ವರ್ಷಕ್ಕೊಮ್ಮೆ ಕೊಡುವ ವಿಮಾ ವರದಿ, ಸಂಬಳದ ಚೀಟಿ, ಊರಿನ ಪಿ.ಎಫ್. ದಾಖಲೆ ಇವನ್ನು ಒಂದೇ ಫೈಲಿನಲ್ಲಿ ಇಡಿ, ಒಂದು ಪ್ರತಿ ಮನೆಯವರ ಹತ್ತಿರವೂ ಇರಲಿ. ನೀವಿಲ್ಲದ ಮೇಲೆ ಹಕ್ಕು ಕೇಳಬೇಕಾದವರು ಅವರು. ಮಿನಿಜಾಬ್‌ನಲ್ಲಿ ಪಿಂಚಣಿ ಬೇಡ ಎನ್ನುವ ಕಾಗದಕ್ಕೆ ಸಹಿ ಹಾಕುವ ಮೊದಲು ಎರಡು ಸಲ ಯೋಚಿಸಿ. ಕಂಪನಿಯಲ್ಲಿ ಪಿಂಚಣಿ ಯೋಜನೆ ಇದೆಯಾ, ಮಾಲಕನ ಪಾಲು ಎಷ್ಟು ಎಂದು ಕಾರ್ಮಿಕರ ಮಂಡಳಿಯಲ್ಲಿ ಕೇಳಿ. ಊರಿಗೆ ಹೊರಡುವ ಮೊದಲು ಪಿಂಚಣಿ ವಿಮಾ ಕಚೇರಿಗೆ ಹೋಗಿ ನಿಮ್ಮ ತಿಂಗಳುಗಳ ಲೆಕ್ಕ ಬರಹದಲ್ಲಿ ತೆಗೆದುಕೊಳ್ಳಿ, ಸಲಹೆಗೆ ಅಲ್ಲಿ ಶುಲ್ಕ ಇಲ್ಲ. ಇಷ್ಟೆಲ್ಲ ಆದ ಮೇಲೂ ಇಲ್ಲೇ ನೆಲೆಸುತ್ತೇವೆ, ಕೈಯಲ್ಲಿ ಹಣ ಉಳಿಯುತ್ತದೆ ಎಂದಾದರೆ ಸ್ವಂತ ಖಾತೆ ಮಾಡಿ, ಯಾರೂ ಬೇಡ ಎನ್ನುವುದಿಲ್ಲ.

ಊರಿನ ಸರ್ಕಾರಕ್ಕೂ ಒಂದು ಮಾತು. ಕೇರಳದಲ್ಲಿ 2008ರ ಕಾನೂನಿನ ಅಡಿ ಪ್ರವಾಸಿ ಕಲ್ಯಾಣ ಮಂಡಳಿ ಇದೆ. ವಂತಿಗೆ ಕಟ್ಟಿದ ಪ್ರವಾಸಿಗೆ 60 ದಾಟಿದ ಮೇಲೆ ಪಿಂಚಣಿ ಸಿಗುತ್ತದೆ. ಮಂಜೇಶ್ವರದ ಬ್ಯಾರಿಗೆ ಸಿಗುವುದು ತಲಪಾಡಿ ದಾಟಿದರೆ ಉಳ್ಳಾಲದ ಬ್ಯಾರಿಗೆ ಇಲ್ಲ. ಇಬ್ಬರೂ ಒಂದೇ ವಿಮಾನದಲ್ಲಿ ಹೋದವರು, ಒಂದೇ ಕೋಣೆಯಲ್ಲಿ ಮಲಗಿದವರು. ಕರ್ನಾಟಕದಲ್ಲೂ ಅಂಥ ವಂತಿಗೆ ಪಿಂಚಣಿ ಬೇಕು ಎಂದು ಗಲ್ಫ್‌ನವರು, ಯುರೋಪಿನವರು, ಮರಳಿ ಬಂದವರು ಒಟ್ಟಾಗಿ ಕೇಳಬೇಕು. ಒಬ್ಬೊಬ್ಬರೇ ಅರ್ಜಿ ಹಿಡಿದು ಹೋದರೆ ಆ ಬಾಗಿಲು ತೆರೆಯುವುದಿಲ್ಲ.